ವಂಶವೃಕ್ಷ ಬರೆಸೋಕ್ ಮುಂಚೆ ಹಳೇ ಮ್ಯುಟೇಶನ್ ತೆಗೆಸಿ ನೋಡಿ

ಮಾನ್ಯ ಸಂಪಾದಕರೇ,

ಈಗ ಮಂಡ್ಯ, ಮೈಸೂರು ಕಡೆ ಯಾವ ಹಳ್ಳಿಗೆ ಹೋದ್ರೂ ಪೌತಿ ಖಾತೆ ಮಾತೇ ಮಾತು. ತಾತನ ಹೆಸರಲ್ಲಿ, ಕೆಲವು ಕಡೆ ಮುತ್ತಾತನ ಹೆಸರಲ್ಲೇ ಉಳ್ಕೊಂಡಿರೋ ಪಹಣಿನ ಬದುಕಿರೋರ ಹೆಸರಿಗೆ ಮಾಡಿಸ್ಕೊಳ್ಳಿ ಅಂತ ಕಂದಾಯ ಇಲಾಖೆಯವರೂ ಹೇಳ್ತಿದ್ದಾರೆ, ಒಳ್ಳೇ ಕೆಲಸಾನೇ. ಅದಕ್ಕೆ ಮೊದಲು ಬೇಕಾಗೋದು ವಂಶವೃಕ್ಷ, ನಾನು ಈ ಕಾಗದ ಬರೀತಿರೋದು ಆ ಒಂದು ಹಾಳೆ ಬಗ್ಗೆ. ಅದನ್ನ ಜನ ಹೆಂಗೆ ಬರೆಸ್ತಾರೆ ಅಂದ್ರೆ, ಜಗಲಿ ಮೇಲೆ ಕೂತ್ಕೊಂಡು ಮನೇಲಿ ಹಿರೀರು ಯಾರಿದ್ದಾರೋ ಅವರನ್ನ ಕೇಳಿ ನೆನಪಿದ್ದಷ್ಟು ಹೆಸರು ಹಾಕಿ, ಒಂದು ಅಫಿಡವಿಟ್ ಮಾಡಿಸಿ ನಾಡಕಚೇರಿಗೆ ಕೊಟ್ಬಿಡ್ತಾರೆ. ಮಕ್ಕಳಿಲ್ಲದೆ ಹೋದೋರು, ಚಿಕ್ಕ ವಯಸ್ಸಲ್ಲೇ ಗಂಡನ್ನ ಕಳ್ಕೊಂಡು ತವರಿಗೆ ವಾಪಸ್ ಹೋದ ಹೆಂಗಸ್ರು, ದೂರಕ್ಕೆ ಕೊಟ್ಟ ಹೆಣ್ಮಕ್ಕಳು, ಇವರೆಲ್ಲ ಆ ಹಾಳೇಲಿ ಬರೋದೇ ಇಲ್ಲ. ಬೇಕು ಅಂತಾನೇ ಬಿಡೋರೂ ಇದ್ದಾರೆ, ಆದ್ರೆ ಬಹಳ ಮನೆಗಳಲ್ಲಿ ನಿಜವಾಗ್ಲೂ ಗೊತ್ತಿರಲ್ಲ. ನಮ್ಮನೇಲೂ ಗೊತ್ತಿರ್ಲಿಲ್ಲ.

ನಮ್ಮೂರು ಮಂಡ್ಯ ಜಿಲ್ಲೇಲಿ ವಿಶ್ವೇಶ್ವರಯ್ಯ ನಾಲೆ ಬಯಲಿನ ಒಂದು ಹಳ್ಳಿ, ನಾನು ಮದುವೆಯಾಗಿ ಬಂದು ಮೈಸೂರಲ್ಲಿದ್ದೀನಿ. ನಮ್ಮ ತಾತ ಮೂರು ಜನ ಅಣ್ಣತಮ್ಮಂದಿರು ಅಂತಾನೇ ನಾವು ಹುಟ್ಟಿದಾಗಿಂದ ಕೇಳಿದ್ದು. ಹೆಳವ ಎತ್ತು ಹೊಡ್ಕೊಂಡು ಬಂದು ಬಾಗಿಲಲ್ಲಿ ನಿಂತು ನಮ್ಮ ವಂಶ ಹೇಳ್ವಾಗ್ಲೂ ನನ್ನ ಕಿವಿಗೆ ಬಿದ್ದಿದ್ದು ಮೂರೇ ಹೆಸರು. ಹೋದ ವರ್ಷ ನಮ್ಮಣ್ಣ ಪೌತಿ ಖಾತೆಗೆ ಅಂತ ಕಾಗದ ಜೋಡಿಸ್ತಾ ಇದ್ದಾಗ ನಾನೂ ಊರಿಗೆ ಹೋಗಿದ್ದೆ, ಸುಮ್ನೆ ಕೂತಿದ್ದೋಳು ಪಹಣಿಗಳನ್ನ ಒಂದರ ಪಕ್ಕ ಒಂದು ಇಟ್ಕೊಂಡು ಲೆಕ್ಕ ಹಾಕಿದೆ. ಮುತ್ತಾತನ ಹೆಸರಲ್ಲಿದ್ದ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 3 ಎಕರೆ 30 ಗುಂಟೆ. ಮೂರು ಜನ ಅಣ್ಣತಮ್ಮಂದಿರ ಪಾಲಿಗೂ ಒಂದೇ ಅಂಕಿ, 0-37-08, ಅಂದ್ರೆ ಮೂವತ್ತೇಳು ಗುಂಟೆ ಎಂಟಾಣೆ. ಗುಂಟೆಗೆ ಹದಿನಾರಾಣೆ, ಎಕರೆಗೆ ನಲವತ್ತು ಗುಂಟೆ, ಇದು ನಮ್ಮ ಕಡೆ ಎಲ್ಲಾರಿಗೂ ಗೊತ್ತಿರೋ ಲೆಕ್ಕ. ಮೂರು ಸಲ ಕೂಡಿದ್ರೆ 2 ಎಕರೆ 32 ಗುಂಟೆ ಎಂಟಾಣೆ ಆಗುತ್ತೆ. ಮಿಕ್ಕಿದ್ದೆಷ್ಟು ಅಂತ ಕಳೆದ್ರೆ ಮತ್ತೆ ಅದೇ 37 ಗುಂಟೆ ಎಂಟಾಣೆ!

ನಮ್ಮಣ್ಣ ಅದು ಖರಾಬು, ಅಂದ್ರೆ ಸಾಗುವಳಿಗೆ ಬರದ ಜಾಗ, ಇರ್ಬೇಕು ಬಿಡಮ್ಮ ಅಂದ. ಖರಾಬು ಇಷ್ಟು ಕರೆಕ್ಟಾಗಿ ಒಂದು ಪಾಲಿನಷ್ಟೇ ಇರೋಕ್ ಸಾಧ್ಯ ಇಲ್ಲ ಅಂತ ನನಗೆ ಅನ್ನಿಸ್ತು, ಸರ್ವೆಯೋರ ವಿಸ್ತೀರ್ಣದ ದಾಖಲೆ ಆಕಾರಬಂದ್ ತೆಗೆಸಿದ್ವಿ, ಖರಾಬು ಸೊನ್ನೆ. 3 ಎಕರೆ 30 ಗುಂಟೆ ಅಂದ್ರೆ 150 ಗುಂಟೆ, ಅದನ್ನ ಮೂರು ಭಾಗ ಮಾಡಿದ್ರೆ ಐವತ್ತೈವತ್ತು ಗುಂಟೆ ಬರ್ಬೇಕಿತ್ತು, ನಾಲ್ಕು ಮಾಡಿದ್ರೆ ಮಾತ್ರ 37 ಗುಂಟೆ ಎಂಟಾಣೆ ಬರೋದು. ಹಂಗಾದ್ರೆ ನಾಲ್ಕನೇ ಪಾಲುದಾರ ಯಾರು. ಮನೇಲಿ ಯಾರ ಬಾಯಲ್ಲೂ ಉತ್ತರ ಇರ್ಲಿಲ್ಲ, ಎಂಬತ್ತು ದಾಟಿರೋ ನಮ್ಮ ಚಿಕ್ಕತ್ತೆ ಮಾತ್ರ “ಇನ್ನೊಬ್ಬ ಇದ್ದ ಅಂತ ನಮ್ಮವ್ವ ಅಂತಿತ್ತು ಕಣೆ, ವಾಂತಿಭೇದಿ ಬಂದು ಹೋದ ಅಂತ” ಅಂದ್ರು, ಹೆಸರು ಅವರಿಗೂ ಗೊತ್ತಿಲ್ಲ.

ಇಲ್ಲಿಂದ ಮುಂದಕ್ಕೆ ನಾನು ಮಾಡಿದ್ದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಬೇರೆಯೋರಿಗೂ ಇದೇ ದಾರಿ ಸಿಗಬಹುದು. ಭೂಮಿ ಕಂಪ್ಯೂಟರ್ ಪಹಣಿ ಬಂದಿದ್ದು 2000ರ ಆಸುಪಾಸಲ್ಲಿ, ಅದಕ್ಕಿಂತ ಹಿಂದಿಂದೆಲ್ಲ ಕೈಬರಹದ್ದು. ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು ಇರುತ್ತೆ, ಜನ ಅಷ್ಟನ್ನೇ ನೋಡ್ತಾರೆ. ಪಕ್ಕದ 10ನೇ ಕಾಲಂನಲ್ಲಿ ಆ ಜಮೀನು ಅವರಿಗೆ ಹೆಂಗ್ ಬಂತು ಅನ್ನೋದೂ ಅದರ ಎಂ.ಆರ್. ನಂಬರೂ, ಅಂದ್ರೆ ಖಾತೆ ಬದಲಾದಾಗ ಬರೆಯೋ ಮ್ಯುಟೇಶನ್ ರಿಜಿಸ್ಟರಿನ ನಂಬರೂ ಇರುತ್ತೆ, ಹಳೇದ್ರಲ್ಲಿ ಐ.ಎಚ್.ಸಿ. ಅಂತ ಬರೆದಿದ್ರೆ ಅದು ವಾರಸಾ, ಪೌತಿಯಿಂದ ಬಂದಿದ್ದು ಅಂತ. ಆ ನಂಬರ್ ಹಿಡ್ಕೊಂಡು ತಾಲ್ಲೂಕು ಕಚೇರಿ ರೆಕಾರ್ಡ್ ರೂಮಲ್ಲಿ ಮ್ಯುಟೇಶನ್ ನಕಲಿಗೆ ಅರ್ಜಿ ಹಾಕ್ಬೇಕು. ಒಂದು ಎಂಟ್ರಿ ಅದರ ಹಿಂದಿನ ಎಂಟ್ರಿಗೆ ಕರ್ಕೊಂಡ್ ಹೋಗುತ್ತೆ, ಅದು ಇನ್ನೊಂದಕ್ಕೆ, ಹಿಂಗೆ ಹಿಂದಕ್ಕೆ ಹಿಂದಕ್ಕೆ ಹೋಗ್ತಾ ಇರೋದು.

ನಾನು ಅರ್ಜಿ ಹಾಕಿದ ಕಚೇರೀಲಿ ನನ್ನನ್ನ ನಾಲ್ಕು ಸಲ ವಾಪಸ್ ಕಳಿಸಿದ್ರು, ಒಬ್ಬರು ಮುಖಕ್ಕೇ “ಮದುವೆ ಮಾಡ್ಕೊಂಡು ಹೋದ್ಮೇಲೆ ಇದೆಲ್ಲ ಯಾಕಮ್ಮ ನಿಮಗೆ, ಪಾಲು ಕೇಳೋಕಾ?” ಅಂದ್ರು. ನನ್ನ ತಾತನ ತಮ್ಮ ಯಾರು ಅಂತ ತಿಳ್ಕೊಳ್ಳೋಕೆ ನಾನು ಬಂದಿದ್ದು ಅಂದೆ, ಅವರಿಗೆ ಅದು ಅರ್ಥ ಆಗ್ಲಿಲ್ಲ, ಆಗೋ ಹಾಗೂ ಕಾಣ್ಲಿಲ್ಲ. ಐದನೇ ಸಲ ಹೋದಾಗ ಅಲ್ಲೇ ಒಬ್ರು ವಯಸ್ಸಾದ ಸಿಬ್ಬಂದಿ ಪಾಪ ತಾವೇ ಸ್ಟೂಲ್ ಹತ್ತಿ ಕಟ್ಟು ಇಳಿಸಿ ಕೊಟ್ರು. ಕೆಂಪು ಬಟ್ಟೇಲಿ ಸುತ್ತಿದ ಪುಸ್ತಕ, ಬಿಚ್ಚಿದ್ರೆ ಧೂಳು, ಹಾಳೆ ಅಂಚೆಲ್ಲ ಪುಡಿಪುಡಿ, ಶಾನುಭೋಗರ ಕೈಬರಹ ಮಾತ್ರ ಮುತ್ತು ಜೋಡಿಸಿದಂಗಿದೆ.

ಅದರಲ್ಲಿ 1949ರ ಒಂದು ಎಂಟ್ರಿ ಸಿಕ್ತು. ನಮ್ಮ ಮುತ್ತಾತನ ಮಗ ಅಂತಾನೇ ಬರೆದಿದೆ, ಬಿನ್ ಅಂತ ಹಾಕಿ ಮುತ್ತಾತನ ಹೆಸರು. ಆತ ಪೌತಿಯಾಗಿದ್ದಾನೆ, ಗಂಡು ಸಂತಾನ ಇಲ್ಲ, ಜಮೀನು ಹೆಂಡತಿ ಹೆಸರಿಗೆ ಖಾತೆ ಆಗ್ಬೇಕು. ಕೊನೆ ಸಾಲಲ್ಲಿ ಒಬ್ಬಳು ಮೈನರ್ ಹೆಣ್ಣು ಮಗಳಿದ್ದಾಳೆ ಅಂತ ಇದೆ ಅಷ್ಟೇ, ಆ ಮಗೂಗೆ ಹೆಸರೇ ಬರೆದಿಲ್ಲ. ಸತ್ತೋನ ಹೆಸರಿದೆ, ಹೆಂಡತಿ ಹೆಸರಿದೆ, ಸಾಕ್ಷಿ ಹೇಳಿದ ಪಟೇಲರ ಹೆಸರಿದೆ, ಪಕ್ಕದ ಜಮೀನಿನೋರ ಹೆಸರು ಕೂಡ ಇದೆ, ಆ ಹುಡುಗೀದು ಮಾತ್ರ “ಒಬ್ಬಳು” ಅಂತ. ಆ ಸಾಲನ್ನ ನಾನು ಅಲ್ಲೇ ನಿಂತ್ಕೊಂಡು ಎಷ್ಟು ಸಲ ಓದಿದ್ನೋ ಗೊತ್ತಿಲ್ಲ. ಆಕೆ ನಮ್ಮಪ್ಪನ ಚಿಕ್ಕಪ್ಪನ ಮಗಳು, ಅಂದ್ರೆ ನನಗೆ ಸೋದರತ್ತೆ ಆಗ್ಬೇಕು, ನನ್ನ ಮದುವೇಲಿ ಮಡಿಲಕ್ಕಿ ಕಟ್ಟಬೇಕಾಗಿದ್ದೋರು.

ಮ್ಯುಟೇಶನ್ನಲ್ಲಿ ಹೆಸರಿಲ್ಲ ಅಂದ್ರೆ ದಾರಿ ಮುಗೀತು ಅಂತ ಅಲ್ಲ. ಆ 37 ಗುಂಟೆ ಎಂಟಾಣೆ ಈಗ ನಮ್ಮ ದೊಡ್ಡತಾತನ ಮಕ್ಕಳ ಜಮೀನಲ್ಲೇ ಬೇರೆ ಹಿಸ್ಸಾ ನಂಬರಿನಲ್ಲಿ ಸೇರ್ಕೊಂಡಿದೆ, ಹಂಗಾದ್ರೆ ಯಾವಾಗ್ಲೋ ಒಂದು ಕ್ರಯಪತ್ರ ಆಗಿರ್ಲೇಬೇಕು. ಆನ್‌ಲೈನಲ್ಲಿ ಇ.ಸಿ., ಅಂದ್ರೆ ಆ ಸ್ವತ್ತಿನ ಮೇಲೆ ರಿಜಿಸ್ಟರ್ ಆದ ಪತ್ರಗಳ ಪಟ್ಟಿ, ಸಿಗೋದು 2004ರಿಂದ ಈಚೆಗೆ, ಅದಕ್ಕಿಂತ ಹಿಂದಿಂದು ಬೇಕಾದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲೇ ಹುಡುಕಿಸ್ಬೇಕು. ಅಲ್ಲಿ ಎರಡು ಥರ ಇಂಡೆಕ್ಸ್ ಇರುತ್ತೆ, ಒಂದು ಬರ್ಕೊಟ್ಟೋರ, ಬರೆಸ್ಕೊಂಡೋರ ಹೆಸರಿನ ಮೇಲೆ, ಇನ್ನೊಂದು ಸ್ವತ್ತಿನ ಮೇಲೆ. ಸ್ಥಿರಾಸ್ತಿ ಪತ್ರಗಳು ಇರೋ ಒಂದನೇ ಪುಸ್ತಕಾನ ಫೀಸ್ ಕಟ್ಟಿ ಯಾರು ಬೇಕಾದ್ರೂ ನೋಡಬಹುದು, ನಕಲೂ ತಗೋಬಹುದು, 1908ರ ನೋಂದಣಿ ಕಾಯ್ದೇಲೇ ಇದು ಇದೆ, ಇದಕ್ಕೆ ನೀವು ಪಾಲುದಾರರು ಆಗಿರ್ಬೇಕು ಅಂತೇನಿಲ್ಲ. ಉಯಿಲಿಂದು ಬೇರೆ ಪುಸ್ತಕ, ಬರೆದೋರು ತೀರ್ಕೊಳ್ಳೋವರ್ಗೂ ಅದರ ನಕಲು ಬೇರೆಯೋರಿಗೆ ಕೊಡಲ್ಲ.

ನಮ್ಮ ಸರ್ವೆ ನಂಬರಿಗೆ 1949ರಿಂದ ಹುಡುಕಿಸ್ತಾ ಬಂದ್ರೆ 1961ರಲ್ಲಿ ಕ್ರಯಪತ್ರ ಸಿಕ್ತು. ಬರ್ಕೊಟ್ಟೋರು ಇಬ್ಬರು, ತಾಯಿ ಮತ್ತು ಮಗಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ್ಮೇಲೆ ಗಂಡ ಸತ್ತ ಹೆಂಗಸಿಗೆ ಆ ಆಸ್ತಿ ಮೇಲೆ ಪೂರ್ತಿ ಹಕ್ಕೇ ಬಂದಿತ್ತು, ಅದಕ್ಕೂ ಮುಂಚೆ ಆಕೆ ಬದುಕಿರೋವರ್ಗೂ ಅನುಭವಿಸೋ ಹಕ್ಕು ಮಾತ್ರ, ಮಾರ್ಬೇಕಾದ್ರೆ ಮುಂದಿನ ವಾರಸುದಾರರ ಒಪ್ಪಿಗೆ ಬೇಕು ಅಂತ ಜನ ಕೇಳೋರು. ಕಾಯ್ದೆ ಬಂದು ಐದು ವರ್ಷ ಆಗಿದ್ರೂ ಹಳೇ ಅಭ್ಯಾಸದಲ್ಲೋ ಧೈರ್ಯಕ್ಕೋ ಮಗಳ ಕೈಲೂ ಬರೆಸ್ಕೊಂಡಿದ್ದಾರೆ, ಅದರಿಂದಾನೇ ಆ ಹುಡುಗಿ ಹೆಸರು ಭೂಮಿ ಮೇಲೆ ಉಳೀತು. ಇಂಥೋರ ಕೋಂ ಅಂತ ಗಂಡನ ಹೆಸರು, ಮಳವಳ್ಳಿ ತಾಲ್ಲೂಕಿನ ಇಂಥ ಗ್ರಾಮ ಅಂತ ವಿಳಾಸ, ವಯಸ್ಸು 18. ಕೆಳಗೆ ಬಿಕ್ಕಲಂ ಅಂತ ಪತ್ರ ಬರೆದೋರ ರುಜು, ಅದರ ಮೇಲೆ ಎರಡು ಹೆಬ್ಬೆಟ್ಟು. ತಾಯಿದು ದೊಡ್ಡದಾಗಿ ಮಸಿ ಹರಡ್ಕೊಂಡಿದೆ, ಮಗಳದು ಚಿಕ್ಕದು, ಗೆರೆ ಗೆರೆ ಬಿಡಿಬಿಡಿಯಾಗಿ ಕಾಣುತ್ತೆ, ಒಂದು ಕಡೆ ಓರೆಯಾಗಿ ಒಂದು ಗಾಯದ ಗೀಟು ಅಡ್ಡ ಹೋಗಿದೆ, ಕುಡುಗೋಲು ತಾಗಿದ್ದಿರ್ಬೇಕು. ನಾನು ಸೋದರತ್ತೇನ ನೋಡಿದ್ದು ಅಷ್ಟೇ.

ಆ ಊರಿಗೆ ಹೋದ್ವಿ, ನಾನೂ ನಮ್ಮಣ್ಣನೂ. ಗಂಡನ ಹೆಸರು ಹೇಳಿದ್ದಕ್ಕೆ ಟೀ ಅಂಗಡೀಲೇ ಮನೆ ತೋರಿಸಿದ್ರು. ಅತ್ತೆ ತೀರ್ಕೊಂಡು ಒಂಬತ್ತು ವರ್ಷ ಆಗಿತ್ತು. ಮಗ ಇದ್ದಾರೆ, ನನಗೆ ಭಾವ ಆಗ್ಬೇಕು, ಅರವತ್ತರ ಮೇಲಿನೋರು. ಕ್ರಯಪತ್ರದ ನಕಲು ಕೈಲಿಟ್ಟಾಗ ಅವರು ಓದೋಕ್ ಹೋಗ್ಲಿಲ್ಲ, ಹೆಬ್ಬೆಟ್ಟಿನ ಮೇಲೆ ಬೆರಳಿಟ್ಕೊಂಡು ಕೂತ್ರು. ಆಮೇಲೆ “ನಮ್ಮವ್ವ ಪಕ್ಷದಲ್ಲಿ ಪ್ರತಿ ವರ್ಷ ಅವಳ ಅಪ್ಪನ ಹೆಸರಿಗೆ ಬೇರೆ ಎಲೆ ಹಾಕಿ ಎಡೆ ಇಡ್ತಿತ್ತು ಕಣಮ್ಮ, ನಾಲೆ ಪಕ್ಕದ ಊರು ಅಂತಿತ್ತು, ಆ ಕಡೆಯೋರು ಯಾರೂ ಉಳಿದಿಲ್ವೇನೋ ಅಂತ ನಾವು ಅನ್ಕೊಂಡಿದ್ವಿ” ಅಂದ್ರು. ನಮ್ಮನೇಲೂ ಪಿತೃಪಕ್ಷದಲ್ಲಿ ಮುತ್ತಾತನ ಮೂರು ಮಕ್ಕಳ ಹೆಸರು ಹೇಳಿ ಎಡೆ ಇಡ್ತೀವಿ, ನಾಲ್ಕನೆಯವರಿಗೆ ಎಡೆ ಇಟ್ಟಿದ್ದು ಮಗಳೊಬ್ಬಳೇ. ಅತ್ತೆ ಹೆಸರನ್ನ ಇಲ್ಲಿ ಬರೆದಿಲ್ಲ, ಅವರ ಮಕ್ಕಳನ್ನ ಕೇಳದೆ ಪೇಪರಿಗೆ ಹಾಕೋದು ಸರಿಯಲ್ಲ, ನಮ್ಮ ವಂಶವೃಕ್ಷದಲ್ಲಂತೂ ಬರೆದಾಗಿದೆ.

ನಮ್ಮ ನೆಂಟರಲ್ಲೇ ಕೆಲವರಿಗೆ ಇದು ಹಿಡಿಸ್ಲಿಲ್ಲ. ಹಳೇದೆಲ್ಲ ಕೆದಕಿದ್ರೆ ನಾಳೆ ಅವರು ಪಾಲು ಕೇಳೋಕೆ ಬಂದ್ರೆ ಏನ್ ಮಾಡ್ತೀಯ ಅಂದ್ರು. ನಮ್ಮ ವಿಷಯದಲ್ಲಿ ಅವರೇ ದುಡ್ಡು ತಗೊಂಡು ರಿಜಿಸ್ಟರ್ ಕ್ರಯ ಮಾಡ್ಕೊಟ್ಟಿರೋದು, ಕೇಳೋಕೇನೂ ಇಲ್ಲ, ಅವರು ಕೇಳೂ ಇಲ್ಲ. ಆದ್ರೆ ಕೆಲವು ಮನೇಲಿ ನಿಜವಾಗ್ಲೂ ಪಾಲು ಬರ್ಬೇಕಾಗಿರುತ್ತೆ, ಅಲ್ಲಿ ಹೆಸರು ಬಿಟ್ಟು ವಂಶವೃಕ್ಷ ಕೊಟ್ರೆ ಪಾಲು ತಪ್ಪಿಸೋಕಾಗಲ್ಲ, ಕೋರ್ಟಿಗೆ ದಾರಿ ಮಾಡಿದಂಗೆ ಆಗುತ್ತೆ ಅಷ್ಟೇ. ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಹುಟ್ಟಿನಿಂದಾನೇ ಬಂದಿರೋ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಸ್ಪಷ್ಟವಾಗಿ ಹೇಳಿದೆ. ಇನ್ನೊಂದು ಮಾತು, ಇದು ನಮ್ಮ ಹಳೇ ಮೈಸೂರಿನೋರು ಹೆಮ್ಮೆ ಪಡ್ಬೇಕಾದ್ದು, ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿಗೆ ಅಂತ ಕಾಯ್ದೆ ಬಂದಿತ್ತು, ಅಣ್ಣತಮ್ಮಂದಿರು ಭಾಗ ಆಗ್ವಾಗ ತಾಯಿಗೆ, ಮದುವೆಯಾಗದ ತಂಗಿಗೆ, ಗಂಡುಮಕ್ಕಳಿಲ್ಲದೆ ತೀರ್ಕೊಂಡ ಅಣ್ಣನ ಹೆಂಡತಿಗೆ ಒಂದು ಪಾಲು ಕೊಡ್ಬೇಕು ಅಂತ ಅದರಲ್ಲಿತ್ತು. ಅದಕ್ಕೇ 1933ರಿಂದ ಈಚಿನ ಪಾಲುಪಟ್ಟಿ, ಪಾರಿಖತ್ತು ಏನಾದ್ರೂ ಮನೇಲಿದ್ರೆ ಮೊದಲ ಪುಟ ನೋಡಿ ಮಡಚಿ ಇಡಬೇಡಿ, ಷೆಡ್ಯೂಲ್ ಮುಗಿಯೋವರ್ಗೂ ಓದಿ. ನಮ್ಮ ಮನೇದು ತಾರಣ ಸಂವತ್ಸರದ್ದು, ಅಂದ್ರೆ 1944-45, ಅದರ ಒಂಬತ್ತನೇ ಪುಟದಲ್ಲಿ ತಂಗಿ ಮದುವೆ ಖರ್ಚು ನಾಲ್ಕೂ ಜನ ಸಮನಾಗಿ ಹಾಕ್ಬೇಕು ಅಂತ ಒಂದು ಸಾಲಿದೆ, ಆ ತಂಗಿ ಯಾರು ಅಂತ ನಾನಿನ್ನೂ ಹುಡುಕ್ತಾ ಇದ್ದೀನಿ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೆ ಒಂದ್ಸಲ ಮತ್ತೆ ಬರುತ್ತೆ, ಅದನ್ನ ಇಸವಿಗೆ ತಿರುಗಿಸ್ವಾಗ ಒಂದು ತಲೆಮಾರು ಹೆಚ್ಚುಕಮ್ಮಿ ಆಗ್ಬಾರ್ದು.

ಹೆಣ್ಮಕ್ಕಳ ಹೆಸರು ಎಲ್ಲೆಲ್ಲಿ ಸಿಗುತ್ತೆ ಅಂತ ನನಗೆ ಈಗ ಸ್ವಲ್ಪ ಅಂದಾಜು ಬಂದಿದೆ. ಅಕ್ಕತಂಗೀರು ಬರ್ಕೊಟ್ಟಿರೋ ಹಕ್ಕು ಖುಲಾಸೆ ಪತ್ರದಲ್ಲಿ ಒಬ್ಬರೂ ತಪ್ಪದೆ ಗಂಡನ ಹೆಸರು, ಊರಿನ ಸಮೇತ ಇರ್ತಾರೆ. ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟ ಜಮೀನಿನ ದಾನಪತ್ರದಲ್ಲಿ ಇರ್ತಾರೆ. ನಾಲೆಗೋ ರಸ್ತೆಗೋ ಜಮೀನು ಹೋಗಿದ್ರೆ ಪರಿಹಾರದ ಫೈಲಲ್ಲಿ ಇರ್ತಾರೆ, ಬೆಂಗಳೂರು ಮೈಸೂರು ಹೆದ್ದಾರಿಗೆ ಜಮೀನು ಕೊಟ್ಟ ಮನೆಗಳೋರು ಆ ಕಾಗದಗಳನ್ನ ಜೋಪಾನವಾಗಿ ಇಟ್ಕೊಳ್ಳಿ. ಭಾಗದ ದಾವೆ ಆಗಿದ್ರೆ ದಾವಾ ಪ್ರತೀಲೇ ಪೂರ್ತಿ ವಂಶವೃಕ್ಷ ಬರೆದಿರ್ತಾರೆ. 1974ರ ಭೂಸುಧಾರಣೆ ಕಾಲದಲ್ಲಿ ಗೇಣಿದಾರರು ಹಾಕಿದ ಫಾರಂ 7ರ ಫೈಲುಗಳಲ್ಲಿ ಕೊಟ್ಟಿರೋ ಹೇಳಿಕೆಗಳೂ ಒಳ್ಳೇ ಮೂಲ. ಆಮೇಲೆ ಚೆಕ್ಕುಬಂದಿ! ಪೂರ್ವಕ್ಕೆ ಇಂಥೋರ ಜಮೀನು, ಪಶ್ಚಿಮಕ್ಕೆ ಇಂಥೋರ ಜಮೀನು ಅಂತ ಇರುತ್ತಲ್ಲ, ಅಣ್ಣತಮ್ಮಂದಿರು ಭಾಗ ಆದ ಜಮೀನಿಗೆ ಅಕ್ಕಪಕ್ಕದಲ್ಲಿ ಬಹಳ ಸಲ ದಾಯಾದಿಗಳೇ ಇರೋದು, ನಿಮ್ಮ ಪತ್ರದಲ್ಲಿ ಇಲ್ಲದ ಹೆಸರು ಪಕ್ಕದೋನ ಪತ್ರದ ಚೆಕ್ಕುಬಂದೀಲಿ ಸಿಗುತ್ತೆ.

ಆದ್ರೆ ದುಡುಕಬಾರ್ದು, ಇದನ್ನ ಒತ್ತಿ ಹೇಳ್ತೀನಿ. ನಮ್ಮ ಕಡೆ ತಾತನ ಹೆಸರನ್ನೇ ಮೊಮ್ಮಗನಿಗೆ ಇಡ್ತಾರೆ, ಒಂದೇ ಊರಲ್ಲಿ ನಾಲ್ಕು ಜನ ಬೋರೇಗೌಡ, ಅವರಲ್ಲಿ ಇಬ್ಬರ ಅಪ್ಪಂದಿರೂ ಕೆಂಪೇಗೌಡ. ಹೆಸರು ಹೊಂದ್ತು ಅಂತ ಸಂಬಂಧ ಕಟ್ಟಬೇಡಿ, ಸರ್ವೆ ನಂಬರು ಹೊಂದ್ಬೇಕು, ಹೆಂಡತಿ ಹೆಸರು ಹೊಂದ್ಬೇಕು, ಉರುಫ್ ಅಂತ ಇರೋ ಅಡ್ಡ ಹೆಸರು, ದೊಡ್ಡಮನೆ ಹೊಸಮನೆ ಅಂತ ಇರೋ ಮನೆ ಹೆಸರು ನೋಡ್ಬೇಕು. ಬಿನ್ ಅಂತ ಇದ್ರೂ ಅದು ಹೆತ್ತ ಅಪ್ಪನೇ ಅಂತ ಹೇಳೋಕಾಗಲ್ಲ, ದತ್ತು ಹೋದೋರೂ ಇರ್ತಾರೆ. ಮ್ಯುಟೇಶನ್ ಅನ್ನೋದು ಕಂದಾಯ ವಸೂಲಿಗೆ ಅಂತ ಇಟ್ಟಿರೋ ದಾಖಲೆ, ಅದರಿಂದಾನೇ ಹಕ್ಕು ಹುಟ್ಟಲ್ಲ ಅಂತ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ, ವಂಶದ ವಿಷಯಕ್ಕೂ ಹಂಗೇ, ಅದು ದಾರಿ ತೋರಿಸುತ್ತೆ, ಇನ್ನೊಂದು ಕಾಗದ ಅದನ್ನ ಗಟ್ಟಿ ಮಾಡ್ಬೇಕು. ಇನ್ನು ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ, ಅದಕ್ಕೂ ಹಿಂದಿನ ಪತ್ರಗಳಲ್ಲಿ ಮೈಸೂರು ಡಿಸ್ಟ್ರಿಕ್ಟ್ ಅಂತಿರುತ್ತೆ, ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅಂತಿರುತ್ತೆ, ಇದು ನಮ್ಮದಲ್ಲ ಅನ್ಕೊಂಡು ಪಕ್ಕಕ್ಕೆ ಇಟ್ಟುಬಿಟ್ಟೋರನ್ನ ನಾನೇ ನೋಡಿದ್ದೀನಿ.

ಕಂದಾಯ ಇಲಾಖೆಯೋರಿಗೆ ನನ್ನ ಬೇಡಿಕೆ ಎರಡು. ಕೈಬರಹದ ಪಹಣಿ ಕಂಪ್ಯೂಟರಿಗೆ ಏರಿಸ್ವಾಗ ಎಷ್ಟೋ ಕಡೆ ಮೊದಲನೇ ಹೆಸರು ಹಾಕಿ “ಮತ್ತಿತರರು”, “ವಗೈರೆ” ಅಂತ ಬಿಟ್ಟಿದ್ದಾರೆ, ನಮ್ಮೂರಿನ ಪಹಣಿಗಳಲ್ಲೇ ಕಣ್ಣಾರೆ ನೋಡ್ದೆ. ಪೌತಿ ಖಾತೆ ಮಾಡ್ವಾಗ ಆ ವಗೈರೆಯೋರು ಯಾರ್ಯಾರು ಅಂತ ಹಿಂದಿನ ಮ್ಯುಟೇಶನ್ ನೋಡಿ ಬಿಡಿಸಿ ಬರೀಲಿ, ಅರ್ಜಿದಾರರು ಕೊಟ್ಟ ವಂಶವೃಕ್ಷವನ್ನ ಆ ಸರ್ವೆ ನಂಬರಿನ ಹಳೇ ಎಂಟ್ರಿ ಜೊತೆ ಒಂದು ಸಲನಾದ್ರೂ ತಾಳೆ ಹಾಕ್ಲಿ. ಎರಡನೇದು, ಭೂಸುರಕ್ಷಾ ಯೋಜನೇಲಿ ತಾಲ್ಲೂಕು ಕಚೇರಿಗಳ ಹಳೇ ದಾಖಲೆ ಸ್ಕ್ಯಾನ್ ಮಾಡ್ತಿರೋದು ತುಂಬಾ ಒಳ್ಳೇದು, ಆದ್ರೆ ಬರೀ ಸರ್ವೆ ನಂಬರ್ ಕೊಟ್ಟು ಹುಡುಕೋ ಹಂಗೆ ಇಟ್ರೆ ನನ್ನಂಥೋರಿಗೆ ಅರ್ಧ ಉಪಯೋಗ ಅಷ್ಟೇ. ಹೆಸರಿನಿಂದಲೂ ಹುಡುಕೋ ಹಾಗಿರ್ಲಿ, ಬಿನ್ ಇರೋರು ಮಾತ್ರ ಅಲ್ಲ, ಕೋಂ ಇರೋರ ಹೆಸರಿನಿಂದಲೂ.

ಸಂಪಾದಕರೇ, ನಿಮ್ಮ ಹತ್ರಾನೂ ಒಂದು ಕೇಳ್ಕೋತೀನಿ. ನಿಮ್ಮ ಪೇಪರಿನ ಒಳಪುಟದಲ್ಲಿ ಕೋರ್ಟ್ ನೋಟಿಸು, ವಕೀಲರ ಸಾರ್ವಜನಿಕ ಪ್ರಕಟಣೆ ಅಂತ ಸಣ್ಣ ಅಕ್ಷರದಲ್ಲಿ ದಿನಾ ಬರುತ್ತೆ, ಇಂಥೋರು ಮರಣ ಹೊಂದಿದ್ದಾರೆ, ವಾರಸುದಾರರು ಇಂಥಿಂಥೋರು, ತಕರಾರಿದ್ರೆ ಇಷ್ಟು ದಿನದೊಳಗೆ ತಿಳಿಸಿ ಅಂತ. ಜನ ಅದನ್ನ ಓದಲ್ಲ, ಆದ್ರೆ ಐವತ್ತು ವರ್ಷ ಆದ್ಮೇಲೆ ಒಂದು ಮನೆಯೋರ ಅಷ್ಟೂ ಮಕ್ಕಳ ಹೆಸರು ಒಟ್ಟಿಗೆ ಇರೋ ಜಾಗ ಅದೊಂದೇ ಆಗಿರಬಹುದು. ಹಳೇ ಸಂಚಿಕೆಗಳ ಆ ಪುಟಗಳನ್ನ ದಯವಿಟ್ಟು ಬಿಸಾಡಬೇಡಿ, ಓದುಗರು ಬಂದು ನೋಡೋಕೆ ಅವಕಾಶ ಮಾಡ್ಕೊಡಿ.

ನಾನು ನೋಡಿದ 1949ರ ಆ ಪುಸ್ತಕ ಇನ್ನೂ ಸ್ಕ್ಯಾನ್ ಆಗಿಲ್ಲ ಅಂತ ಹೋದ ವಾರ ವಿಚಾರಿಸಿದಾಗ ಗೊತ್ತಾಯ್ತು. ಅದನ್ನ ಇಟ್ಟಿರೋ ಬೀರು ಕಿಟಕಿ ಪಕ್ಕದಲ್ಲಿದೆ, ಗೋಡೆಯಿಂದ ನೀರು ಇಳಿದಿರೋ ಕಲೆ ಆಗ್ಲೇ ಕಂಡಿತ್ತು. ನಾನು ಪುಟ ತಿರುಗಿಸ್ವಾಗ ಆ ಎಂಟ್ರಿ ಇದ್ದ ಹಾಳೆಯ ಕೆಳಗಿನ ಮೂಲೆ ಕೈಗೇ ಬಂದುಬಿಡ್ತು, ಆ ಸಿಬ್ಬಂದಿಯವರು ಒಂದು ಮಾತೂ ಆಡದೆ ಆ ತುಂಡನ್ನ ಹಾಳೆ ಒಳಗೇ ಮಡಚಿ ಇಟ್ರು. ಈ ಮಳೆಗಾಲ ಶುರು ಆಗೋದ್ರೊಳಗೆ ಅದೊಂದು ಕಟ್ಟನ್ನಾದ್ರೂ ಸ್ಕ್ಯಾನ್ ಮಾಡಿಸ್ಲಿ.

ಇಂತಿ,
ಮಂಡ್ಯ ಜಿಲ್ಲೆಯ ಒಬ್ಬ ಹೆಣ್ಮಗಳು, ಈಗ ಮೈಸೂರು ವಾಸಿ